ಬಾಗಿಲು ಮೇಜಾದ ಬಗೆ

ಅಗ್ಗ ಎಂಬುದು ಬೇರೆ, ಮಿತವ್ಯಯ ಎಂಬುದು ಬೇರೆ. ಅಗ್ಗದ ವಸ್ತುವಿನ ಬೆಲೆ ಕೊಳ್ಳುವ ದಿನ ಕಡಿಮೆಯಾಗಿ ತೋರುತ್ತದೆ. ಅದು ಬೇಗನೆ ಹಾಳಾಗಿ ಅದರ ಸ್ಥಾನಕ್ಕೆ ಇನ್ನೊಂದನ್ನು ಕೊಳ್ಳಬೇಕಾಗಿ ಬಂದಾಗ ನಿಜವಾದ ಬೆಲೆ ತಿಳಿಯುತ್ತದೆ. ಮಿತವ್ಯಯವೆಂದರೆ ಎಲ್ಲದರಲ್ಲಿಯೂ ಕೈ ಬಿಗಿಹಿಡಿಯುವುದಲ್ಲ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನು ಬಲ್ಲ ವಿವೇಕ. ಈ ವಿವೇಕವನ್ನು ಮಾತಿನಿಂದ ಕಲಿಸುವುದು ಕಷ್ಟ, ಕೆಲಸದಿಂದ ಕಲಿಸುವುದು ಸುಲಭ. ಒಂದು ಮನೆಯವರು ತಮ್ಮ ಕೈಯಿಂದಲೇ ಒಂದು ಮೇಜನ್ನು ಮಾಡಿಕೊಳ್ಳಲು ಹೊರಟರೆ, ಮರವೇ ಅವರಿಗೆ ಗುರುವಾಗಿ ನಿಲ್ಲುತ್ತದೆ.

ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ನೆರೆಹೊರೆಯ ತಾಲ್ಲೂಕುಗಳು. ಸೊರಬದ ಪಶ್ಚಿಮದ ಅಂಚು ಮಲೆನಾಡಿನ ಕಾಡಿಗೆ ಹತ್ತಿರವಾದುದು. ಅಲ್ಲಿ ಮಳೆ ಹೆಚ್ಚು. ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತದೆ, ಬಯಲು ತೆರೆದುಕೊಳ್ಳುತ್ತದೆ. ಶಿಕಾರಿಪುರದ ಸೀಮೆ ಅರೆಮಲೆನಾಡು. ಒಂದೆಡೆ ದಂಡಾವತಿ, ವರದೆಯರ ನೀರು. ಇನ್ನೊಂದೆಡೆ ಕುಮುದ್ವತಿಯ ನೀರು. ಇಲ್ಲಿಯ ಜನರಿಗೆ ಮರವೂ ಹೊಸದಲ್ಲ, ಮಳೆಯೂ ಹೊಸದಲ್ಲ. ಇವೆರಡರ ನಡುವಿನ ನಂಟನ್ನು ಅರಿತವನೇ ಈ ಸೀಮೆಯಲ್ಲಿ ಒಳ್ಳೆಯ ಬಡಗಿ.

ಕೈಕೆಲಸದ ಹಿರಿಮೆಯೂ ಈ ನೆಲಕ್ಕೆ ಪರಕೀಯವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳು ಇಂದಿಗೂ ನಿಂತಿವೆ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಕೆಲವರನ್ನು ಕಡೆದವರು ಈ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ. ತಾವು ಕಡೆದ ವಿಗ್ರಹಗಳಲ್ಲಿ ಅವರು ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಕೆಲಸದ ಮೇಲೆ ಹೆಸರು ಬರೆಯುವವನು ಅದರ ಗುಣಕ್ಕೂ ದೋಷಕ್ಕೂ ತಾನೇ ಹೊಣೆಯೆಂದು ಒಪ್ಪಿಕೊಂಡಂತೆ. ಇನ್ನು ಮರದ ಕೆಲಸದಲ್ಲಿ ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. 1897ರಲ್ಲಿ ಪರಿಷ್ಕರಣಗೊಂಡು ಪ್ರಕಟವಾದ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ಇವರ ಕೌಶಲದ ಉಲ್ಲೇಖವಿದೆ. ಗುಡಿಗಾರನು ಮರಕ್ಕೆ ಉಳಿ ತಾಗಿಸುವ ಮೊದಲು ಚಿತ್ತಾರವನ್ನು ಬರೆದುಕೊಳ್ಳುತ್ತಾನೆ. ಮೊದಲು ಕಣ್ಣು ಮತ್ತು ಬುದ್ಧಿ, ಅನಂತರ ಕೈ. ಶ್ರೀಗಂಧದ ಪೆಟ್ಟಿಗೆಗೆ ಹೇಗೋ, ಸಾಧಾರಣ ಮೇಜಿಗೂ ಹಾಗೆಯೇ ಈ ಕ್ರಮ ಸಲ್ಲುತ್ತದೆ.

ಇಂತಹ ಸೀಮೆಯ ಒಂದು ಹಳ್ಳಿಮನೆಯನ್ನು ಊಹಿಸಿಕೊಳ್ಳಬಹುದು. ಮನೆಯ ಮಗಳು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಪೇಟೆಯಲ್ಲಿರುವ ಸೋದರಮಾವ ತಾನು ಬಳಸಿದ ಗಣಕಯಂತ್ರವೊಂದನ್ನು ಅವಳ ಓದಿಗೆಂದು ತಂದುಕೊಟ್ಟಿದ್ದಾನೆ. ಯಂತ್ರವೇನೋ ಬಂದಿತು, ಅದನ್ನು ಇಡಲು ಸ್ಥಳವಿಲ್ಲ. ಪರದೆಯನ್ನು ಅಕ್ಕಿಯ ಡಬ್ಬದ ಮೇಲಿಟ್ಟು, ಕೀಲಿಮಣೆಯನ್ನು ಚಾಪೆಯ ಮೇಲಿಟ್ಟು, ಹುಡುಗಿ ಬೆನ್ನು ಬಾಗಿಸಿ ಕುಳಿತುಕೊಳ್ಳುತ್ತಾಳೆ. ಅರ್ಧ ಗಂಟೆಯಲ್ಲಿ ಕತ್ತು ನೋಯುತ್ತದೆ. ಮಳೆಗಾಲದಲ್ಲಿ ನೆಲದ ತೇವ ಯಂತ್ರಕ್ಕೆ ಏರುತ್ತದೆ. ಪಕ್ಕದ ಮನೆಯವರು ಅಂಗಡಿಯಿಂದ ತಂದ ಅಗ್ಗದ ಮೇಜು ಒಂದೇ ಮಳೆಗಾಲಕ್ಕೆ ಅಂಚುಗಳಲ್ಲಿ ಉಬ್ಬಿ ಪದರ ಬಿಟ್ಟಿದೆ. ಅದು ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ. ನೀರು ಕುಡಿದು ಒಮ್ಮೆ ಉಬ್ಬಿತೆಂದರೆ ಒಣಗಿದರೂ ಮೊದಲಿನ ರೂಪಕ್ಕೆ ಬಾರದು. ಹೊಸ ಸಾಗುವಾನಿಯ ಮೇಜು ಮಾಡಿಸಲು ಬೀಜ ಗೊಬ್ಬರಗಳ ಖರ್ಚು ಕಳೆದ ಮೇಲೆ ತಂದೆಯ ಕೈಯಲ್ಲಿ ಹಣವಿಲ್ಲ. ಆದರೆ ಕೊಟ್ಟಿಗೆಯ ಅಟ್ಟದಲ್ಲಿ, ಕೆಡವಿದ ಹಳೆಯ ಮನೆಯ ಹಲಸಿನ ಬಾಗಿಲೊಂದು ಬಹುಕಾಲದಿಂದ ಮಲಗಿದೆ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ. ಅಂದರೆ ಸುಮಾರು 180 ಸೆಂಟಿಮೀಟರ್ ಮತ್ತು 75 ಸೆಂಟಿಮೀಟರ್. ಜೊತೆಗೆ ಅದೇ ಮನೆಯ ಮಾಡಿನ ಕೆಲವು ಪಕಾಸಿಗಳೂ ರೀಪುಗಳೂ ಇವೆ.

ತಂದೆ ಮಗಳು ಇಬ್ಬರೂ ಊರಿನ ಹಿರಿಯ ಆಚಾರಿಯ ಬಳಿಗೆ ಹೋಗುತ್ತಾರೆ. “ಆಚಾರ್ರೇ, ಮೇಜಿನ ಎತ್ತರ ಎಷ್ಟಿರಬೇಕು?” ಎಂದು ಹುಡುಗಿ ಕೇಳಿದರೆ, ಆತ ಕೊಡುವ ಉತ್ತರ ಇದು: “ಕೂರುವವರು ಯಾರು ತಂಗಿ? ಮೊದಲು ಅವರನ್ನು ಅಳೆಯಬೇಕು. ಮರವನ್ನು ಆಮೇಲೆ ಅಳೆದರಾಯಿತು.”

ಈ ಮಾತಿನಲ್ಲಿ ಹಳೆಯ ಅನುಭವವಿದೆ. ನಮ್ಮ ಪೂರ್ವಿಕರ ಗೇಣು, ಮೊಳ, ಮಾರುಗಳೆಲ್ಲ ದೇಹದಿಂದಲೇ ಹುಟ್ಟಿದ ಅಳತೆಗಳು. ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಪಾದಗಳನ್ನು ನೆಲಕ್ಕೆ ಊರಿ, ತೋಳನ್ನು ಸಡಿಲವಾಗಿ ಇಳಿಬಿಟ್ಟು, ಮುಂಗೈಯನ್ನು ನೆಲಕ್ಕೆ ಸಮನಾಗಿ ಮುಂದೆ ಚಾಚಿದಾಗ ನೆಲದಿಂದ ಮೊಣಕೈಗೆ ಇರುವ ಎತ್ತರವೇ ಬೆರಳಚ್ಚು ಮಾಡುವ ಮೇಜಿನ ಎತ್ತರ. ಮೇಜು ಅದಕ್ಕಿಂತ ಎತ್ತರವಾದರೆ ಹೆಗಲು ಏರಿ ನೋಯುತ್ತದೆ. ತಗ್ಗಾದರೆ ಬೆನ್ನು ಬಾಗುತ್ತದೆ. ಹುಡುಗಿಗೆ ಈ ಅಳತೆ 66 ಸೆಂಟಿಮೀಟರ್, ತಂದೆಗೆ 70 ಸೆಂಟಿಮೀಟರ್ ಬಂದಿತೆನ್ನೋಣ. ಬೆಳೆಯುವ ಮಗಳಿಗಾಗಿ ಇಂದಿನ ಅಳತೆಯಲ್ಲೇ ಮೇಜು ಮಾಡಿದರೆ ಎರಡು ವರ್ಷದಲ್ಲಿ ಅದು ಗಿಡ್ಡವಾಗುತ್ತದೆ. ಆದುದರಿಂದ ಮೇಜನ್ನು 70 ಸೆಂಟಿಮೀಟರಿಗೆ ಮಾಡಿ, ಸದ್ಯಕ್ಕೆ ಅವಳ ಆಸನವನ್ನು ಮಡಿಸಿದ ಕಂಬಳಿಯಿಂದ 4 ಸೆಂಟಿಮೀಟರ್ ಏರಿಸಿ, ಪಾದದ ಕೆಳಗೆ ಅಷ್ಟೇ ಎತ್ತರದ ಮಣೆಯೊಂದನ್ನು ಇಟ್ಟರೆ ಸಾಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ ಇರಬೇಕು. ದೂರ ಚಾಚಿದ ತೋಳಿನಷ್ಟಿರಬೇಕು. ಇದರಿಂದ ಕತ್ತಿಗೂ ಕಣ್ಣಿಗೂ ಆಯಾಸ ಕಡಿಮೆ.

ಅಳತೆ ಮುಗಿದ ಮೇಲೆ ಮರದ ಪರೀಕ್ಷೆ. ಹಳೆಯ ಮರಕ್ಕೆ ಒಂದು ದೊಡ್ಡ ಗುಣವುಂಟು. ಅದು ಎಷ್ಟೋ ಬೇಸಗೆ, ಎಷ್ಟೋ ಮಳೆಗಾಲಗಳನ್ನು ಕಂಡು, ತಿರುಚುವಷ್ಟು ತಿರುಚಿ, ಬಿರಿಯುವಷ್ಟು ಬಿರಿದು ನೆಲೆಗೆ ನಿಂತಿರುತ್ತದೆ. ಆದರೆ ಹಳೆಯದೆಲ್ಲ ಹೊನ್ನಲ್ಲ. ಸೂಜಿಯ ಮೊನೆಯಂತಹ ತೂತುಗಳಿದ್ದು, ತಟ್ಟಿದರೆ ಹೊಸ ಹುಡಿ ಉದುರಿದರೆ ಒಳಗೆ ಹುಳು ಇನ್ನೂ ಬದುಕಿದೆ ಎಂದರ್ಥ. ಬೆರಳಿನಿಂದ ತಟ್ಟಿದಾಗ ಟೊಳ್ಳು ದನಿ ಬಂದರೆ ಗೆದ್ದಲಿನ ಶಂಕೆ ಪಡಬೇಕು. ಹುದುಗಿರುವ ಹಳೆಯ ಮೊಳೆಗಳನ್ನು ಒಂದೊಂದಾಗಿ ಹುಡುಕಿ ಕೀಳದಿದ್ದರೆ ಗರಗಸದ ಹಲ್ಲು ಮುರಿಯುತ್ತದೆ. ಬಣ್ಣ ಬಳಿದ ಬಾಗಿಲಾದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಹಿಂದಿನ ಕಾಲದ ಹಲವು ಬಣ್ಣಗಳಲ್ಲಿ ಸೀಸ ಬೆರೆತಿರುತ್ತಿತ್ತು; ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗಗಳನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದುದು 2017ರಲ್ಲಿ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಆ ಧೂಳು ಉಸಿರಿನೊಡನೆ ಒಳಗೆ ಹೋಗುತ್ತದೆ. ಮಕ್ಕಳಿಗೆ ಅದು ಬಹಳ ಅಪಾಯಕರ. ಬಣ್ಣ ಕಾಣದ ಬಾಗಿಲನ್ನು ಆರಿಸಿಕೊಳ್ಳುವುದೇ ಲೇಸು.

ಇಷ್ಟಾದ ಮೇಲೆ ಮರದ ಸ್ವಭಾವವನ್ನು ತಿಳಿಯಬೇಕು. ಮರವನ್ನು ಕಡಿದು ಕೊಯ್ದು ಎಷ್ಟೇ ವರ್ಷಗಳಾಗಿರಲಿ, ಅದು ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಆಷಾಢದಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುವ ಮನೆಯ ಬಾಗಿಲು ಚೈತ್ರದಲ್ಲಿ ಸಲೀಸಾಗಿ ತೆರೆಯುವುದಕ್ಕೆ ಇದೇ ಕಾರಣ. ಆದರೆ ಈ ಹಿಗ್ಗು ಎಲ್ಲ ದಿಕ್ಕಿಗೂ ಒಂದೇ ಸಮನಲ್ಲ. ಮರದ ಎಳೆಗಳ ಉದ್ದಕ್ಕೆ ಅದು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಎಳೆಗಳಿಗೆ ಅಡ್ಡಲಾಗಿ, ಅಂದರೆ ಹಲಗೆಯ ಅಗಲಕ್ಕೆ, ಅದು ಎದ್ದು ಕಾಣುವಷ್ಟು. 75 ಸೆಂಟಿಮೀಟರ್ ಅಗಲದ ಮೇಜು ಬೇಸಗೆಗೂ ಮಳೆಗಾಲಕ್ಕೂ ನಡುವೆ ಐದಾರು ಮಿಲಿಮೀಟರ್ ಹಿಗ್ಗಿದರೆ ಆಶ್ಚರ್ಯವಿಲ್ಲ. ಈ ಹಿಗ್ಗನ್ನು ಮೊಳೆ ಹೊಡೆದು ತಡೆಯುತ್ತೇನೆಂದರೆ ಮರ ಸೀಳುತ್ತದೆ, ಇಲ್ಲವೆ ಮೊಳೆಯನ್ನೇ ಬಾಗಿಸುತ್ತದೆ. ಅದರೊಡನೆ ಹೋರಾಡುವುದು ವ್ಯರ್ಥ. ಅದಕ್ಕೆ ಎಡೆಮಾಡಿಕೊಡುವುದೇ ಜಾಣತನ.

ಈಗ ಕೊಯ್ತ. 180 ಸೆಂಟಿಮೀಟರ್ ಬಾಗಿಲಿನಲ್ಲಿ 120 ಸೆಂಟಿಮೀಟರ್ ಮೇಜಿನ ಮೇಲ್ಹಲಗೆಗೆ ಸಲ್ಲುತ್ತದೆ. ಉಳಿದ 60 ಸೆಂಟಿಮೀಟರ್ ತುಂಡಿನಲ್ಲಿ ಪರದೆಯನ್ನು ಏರಿಸಿಡುವ ಮಣೆಯೂ ಪಾದದ ಮಣೆಯೂ ಆಗುತ್ತವೆ. ಎಸೆಯುವುದು ಏನೂ ಇಲ್ಲ. ಬಾಗಿಲಿನ ಹಿಂಬದಿಯ ಅಡ್ಡಪಟ್ಟಿಗಳನ್ನು ಬಿಚ್ಚಿ, ಮೇಜಿನ ಚೌಕಟ್ಟಿನೊಳಗೆ ಹಿಡಿಸುವಷ್ಟು ಮೊಟಕುಗೊಳಿಸಿ ಮತ್ತೆ ಬಿಗಿಯಬೇಕು. ಹಲಗೆಯನ್ನು ಕೀಸುಳಿಯಿಂದ ನಯಗೊಳಿಸಿದಾಗ ಅದರ ದಪ್ಪ 3 ಸೆಂಟಿಮೀಟರ್ ಉಳಿದರೆ, ಕಾಲುಗಳ ಉದ್ದ 67 ಸೆಂಟಿಮೀಟರ್ ಇರಬೇಕು. ಕಾಲುಗಳಿಗೆ ಪಕಾಸಿಗಳು ತಕ್ಕವು.

ಕಾಲುಗಳನ್ನು ಕೂಡಿಸುವ ಅಡ್ಡಪಟ್ಟಿಗಳಿಗೆ ರೀಪುಗಳೇ ಸಾಕು. ಆದರೆ ಅವುಗಳನ್ನು ಇಡುವ ರೀತಿಯಲ್ಲಿ ಒಂದು ಗುಟ್ಟಿದೆ. 8 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪದ ಪಟ್ಟಿಯನ್ನು ಮಲಗಿಸಿ ಅದರ ಮೇಲೆ ಭಾರ ಹೇರಿದರೆ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿದರೆ ಹದಿನಾರು ಪಟ್ಟು ಹೆಚ್ಚು ಗಡುಸಾಗಿ ನಿಲ್ಲುತ್ತದೆ. ಭಾರವನ್ನು ಹೊರುವ ದಿಕ್ಕಿನಲ್ಲಿ ದಪ್ಪ ಇಮ್ಮಡಿಯಾದರೆ ಬಾಗು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದು ನಿಯಮ. ಆದುದರಿಂದ ಮೇಜು ಗಟ್ಟಿಯಾಗಲು ದಪ್ಪ ದಪ್ಪ ಮರವೇ ಬೇಕೆಂದಿಲ್ಲ. ಇರುವ ಮರವನ್ನು ಸರಿಯಾದ ದಿಕ್ಕಿನಲ್ಲಿ ನಿಲ್ಲಿಸಿದರೆ ಸಾಕು. ಇದು ಹಣ ಖರ್ಚಾಗದ ಬಲ.

ಮೇಜಿನ ಆಯುಸ್ಸು ಇರುವುದು ಕೂಡುಗಳಲ್ಲಿ. ಕಾಲಿನಲ್ಲಿ ಚೌಕಾಕಾರದ ಕುಳಿಯನ್ನು ಉಳಿಯಿಂದ ತೋಡಿ, ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ಸಣ್ಣಗೊಳಿಸಿ, ಅಂಟು ಸವರಿ, ಒಂದರೊಳಗೊಂದನ್ನು ಕೂಡಿಸಬೇಕು. ನಾಲಗೆ ಸಡಿಲವಾಗಿದ್ದರೆ ಅಂಟು ಅದನ್ನು ಬಹುಕಾಲ ಹಿಡಿಯದು. ಬಲು ಬಿಗಿಯಾಗಿದ್ದರೆ ಕಾಲು ಸೀಳುತ್ತದೆ. ಕೊಡತಿಯ ಮೆಲ್ಲನೆಯ ಪೆಟ್ಟಿಗೆ ಇಳಿಯುವಂತಿರುವುದೇ ಹದ. ಉಳಿ ಹಿಡಿಯುವಾಗ ಎರಡು ಕೈಗಳೂ ಅದರ ಅಲಗಿನ ಹಿಂದೆಯೇ ಇರಬೇಕು. ಅಲಗಿನ ಮುಂದೆ ಕೈಯಿಟ್ಟು ಕೆಲಸ ಮಾಡಬಾರದು. ಹೊಸಬರಿಗೆ ಒಂದೊಂದು ಕೂಡಿಗೆ ಒಂದು ದಿನ ಹಿಡಿದರೂ ಚಿಂತೆಯಿಲ್ಲ. ಇಲ್ಲಿ ಸಮಯ ಉಳಿಸಲು ಬರೀ ಮೊಳೆ ಹೊಡೆದು ಮುಗಿಸಿದರೆ, ಮೇಜು ವರ್ಷ ತುಂಬುವುದರೊಳಗೆ ಅಲುಗಾಡತೊಡಗುತ್ತದೆ.

ಚೌಕಟ್ಟು ಮೂಲೆಮಟ್ಟವಾಗಿದೆಯೇ ಎಂದು ನೋಡಲು ಶಾಲೆಯ ರೇಖಾಗಣಿತವೇ ನೆರವಾಗುತ್ತದೆ. ಮೂಲೆಯಿಂದ ಒಂದು ಬದಿಗೆ 60 ಸೆಂಟಿಮೀಟರ್, ಇನ್ನೊಂದು ಬದಿಗೆ 80 ಸೆಂಟಿಮೀಟರ್ ಗುರುತು ಹಾಕಿ, ಆ ಎರಡು ಗುರುತುಗಳ ನಡುವೆ ಅಳೆದಾಗ ಸರಿಯಾಗಿ 100 ಸೆಂಟಿಮೀಟರ್ ಬಂದರೆ ಅದು ಲಂಬಕೋನ. ಪೈಥಾಗೊರಸನ ಪ್ರಮೇಯ ಪರೀಕ್ಷೆಯ ಅಂಕಗಳಿಗೆ ಮಾತ್ರ ಮೀಸಲಾದುದಲ್ಲ. ಇಡೀ ಚೌಕಟ್ಟಿನ ಎರಡು ಕರ್ಣಗಳು ಸಮನಾಗಿವೆಯೇ ಎಂದು ದಾರ ಹಿಡಿದು ನೋಡುವುದು ಇನ್ನೂ ಸುಲಭ. ಆದರೂ ನಾಲ್ಕು ಬದಿಯ ಆಕೃತಿಗೆ ಒಂದು ದೌರ್ಬಲ್ಯವಿದೆ. ಪಕ್ಕಕ್ಕೆ ತಳ್ಳಿದರೆ ಅದು ವಾಲುತ್ತದೆ. ತ್ರಿಕೋನ ಹಾಗಲ್ಲ, ಬದಿಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗದು. ಹಂಚಿನ ಮಾಡಿನ ಮರಗಳನ್ನು ತ್ರಿಕೋನಾಕಾರದಲ್ಲಿ ಕಟ್ಟುವುದು ಇದರಿಂದಲೇ. ಮೇಜಿನ ಹಿಂಬದಿಯಲ್ಲಿ ಕಾಲಿನಿಂದ ಅಡ್ಡಪಟ್ಟಿಗೆ ಓರೆಯಾಗಿ ಎರಡು ಸಣ್ಣ ರೀಪುಗಳನ್ನು ಬಿಗಿದರೆ ಮೇಜು ಅಲುಗದೆ ನಿಲ್ಲುತ್ತದೆ.

ಇನ್ನು ಮೇಲ್ಹಲಗೆಯನ್ನು ಚೌಕಟ್ಟಿನ ಮೇಲೆ ಕೂಡಿಸುವುದು. ಇಲ್ಲಿಯೇ ಮರದ ಹಿಗ್ಗು ಕುಗ್ಗುಗಳಿಗೆ ಎಡೆ ಬಿಡಬೇಕಾದುದು. ಹಲಗೆಯನ್ನು ಚೌಕಟ್ಟಿಗೆ ಅಂಟಿಸಬಾರದು. ಅಗಲದ ನಡುಭಾಗದಲ್ಲಿ ತಿರುಪುಮೊಳೆಯನ್ನು ಗಟ್ಟಿಯಾಗಿ ಬಿಗಿದು, ಮುಂದಿನ ಮತ್ತು ಹಿಂದಿನ ಅಂಚುಗಳ ತಿರುಪುಮೊಳೆಗಳಿಗೆ ಮಾತ್ರ ಅಗಲದ ದಿಕ್ಕಿಗೆ ಉದ್ದವಾಗಿರುವ ರಂಧ್ರಗಳನ್ನು ಕೊರೆಯಬೇಕು. ಹಲಗೆ ಹಿಗ್ಗಿದಾಗ ತಿರುಪುಮೊಳೆ ಆ ರಂಧ್ರದೊಳಗೆ ಸರಿಯುತ್ತದೆ, ಹಲಗೆ ಸೀಳುವುದಿಲ್ಲ. ಹಳೆಯ ಅಡ್ಡಪಟ್ಟಿಗಳನ್ನು ಬಿಗಿಯುವಾಗಲೂ ಇದೇ ಕ್ರಮ. ಹಲಗೆಗಳ ನಡುವೆ ಬೇಸಗೆಯಲ್ಲಿ ಕಾಣುವ ಸಣ್ಣ ಬಿರುಕನ್ನೂ ಗಟ್ಟಿಯಾಗಿ ತುಂಬಬಾರದು. ಮಳೆಗಾಲ ಬಂದಾಗ ಅದು ತಾನೇ ಮುಚ್ಚಿಕೊಳ್ಳುತ್ತದೆ. ಹಳೆಯ ಮೊಳೆಗಳ ತೂತುಗಳನ್ನು ಮಾತ್ರ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಬಹುದು.

ಗಣಕಯಂತ್ರದ ಮೇಜಿಗೆ ಕೆಲವು ವಿಶೇಷ ಅಗತ್ಯಗಳೂ ಉಂಟು. ಹಿಂಬದಿಯಲ್ಲಿ ಐದಾರು ಸೆಂಟಿಮೀಟರ್ ಅಗಲದ ರಂಧ್ರವಿದ್ದರೆ ತಂತಿಗಳು ಕಾಲಿಗೆ ತೊಡರುವುದಿಲ್ಲ. ಯಂತ್ರದ ಪೆಟ್ಟಿಗೆ ಬಿಸಿಯಾಗುವುದರಿಂದ ಅದರ ಸುತ್ತ ಗಾಳಿಯಾಡಬೇಕು. ನೆಲಕ್ಕೆ ತಾಗದಂತೆ ಕೆಳಗೊಂದು ಹಲಗೆಯ ಮೇಲೆ ಅದನ್ನು ಇಡಬೇಕು. ಮಳೆಗಾಲದಲ್ಲಿ ಗೋಡೆಗಳು ತೇವಗೊಳ್ಳುವುದರಿಂದ ಮೇಜು ಗೋಡೆಯಿಂದ ನಾಲ್ಕು ಬೆರಳು ದೂರವಿರುವುದು ಒಳ್ಳೆಯದು. ವಿದ್ಯುತ್ತಿನ ಕೆಲಸವನ್ನು ಮಾತ್ರ ಬಲ್ಲವರಿಂದಲೇ ಮಾಡಿಸಬೇಕು. ಅಲ್ಲಿ ಉಳಿತಾಯದ ಮಾತಿಗೆ ಅವಕಾಶವಿಲ್ಲ.

ಕೊನೆಯದು ಮೆರುಗು. ಇದನ್ನು ಬರಿಯ ಅಲಂಕಾರವೆಂದು ತಿಳಿಯುವುದು ತಪ್ಪು. ಮಳೆನಾಡಿನಲ್ಲಿ ಮೆರುಗು ಮರದ ಕಂಬಳಿ. ಮೊದಲು ಒರಟು, ಅನಂತರ ನಯ, ಆಮೇಲೆ ಇನ್ನೂ ನಯವಾದ ಮರಳುಕಾಗದದಿಂದ ಎಳೆಗಳ ಉದ್ದಕ್ಕೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರುಗಳು ವಾರ್ನಿಷು ಬಿದ್ದ ಮೇಲೆ ಎದ್ದು ಕಾಣುತ್ತವೆ. ಮಲೆನಾಡಿನಲ್ಲಿ ಮಾಡಿನ ಮರಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿಯುಂಟು. ಆದರೆ ಆ ಎಣ್ಣೆ ಚರ್ಮವನ್ನು ಸುಡುವಂಥದು; ಕೈಯಿಟ್ಟು ಕೂರುವ ಮೇಜಿಗೆ ಅದು ತಕ್ಕುದಲ್ಲ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶು ಅಂದವಾಗಿ ಹೊಳೆಯುತ್ತದೆಯಾದರೂ ನೀರು ಬಿದ್ದು ನಿಂತರೆ ಬಿಳಿಯ ಕಲೆ ಮೂಡುತ್ತದೆ. ಎಣ್ಣೆಯ ವಾರ್ನಿಷು ನಿಧಾನವಾಗಿ ಒಣಗಿದರೂ ತೇವವನ್ನು ಚೆನ್ನಾಗಿ ತಡೆಯುತ್ತದೆ. ಮೊದಲ ಲೇಪವನ್ನು ಟರ್ಪೆಂಟೈನಿನಿಂದ ತೆಳುಮಾಡಿ ಬಳಿದರೆ ಮರ ಅದನ್ನು ಒಳಕ್ಕೆ ಹೀರುತ್ತದೆ. ಪ್ರತಿ ಲೇಪವೂ ಪೂರ್ತಿಯಾಗಿ ಒಣಗಿದ ಮೇಲೆ ಹಗುರವಾಗಿ ಉಜ್ಜಿ, ಇನ್ನೆರಡು ಲೇಪ ಕೊಡಬೇಕು. ಈ ಕೆಲಸಕ್ಕೆ ಒಣಹವೆಯ ಮಾರ್ಚಿ, ಏಪ್ರಿಲ್ ತಿಂಗಳುಗಳೂ ಗಾಳಿಯಾಡುವ ಜಗಲಿಯೂ ತಕ್ಕವು. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆಯಂತಹ ಎಣ್ಣೆಗಳು ಒಣಗುವಾಗ ಹುಟ್ಟುವ ಶಾಖದಿಂದ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅದನ್ನು ಹೊರಗೆ ಹರವಿ ಒಣಗಿಸಬೇಕು.

ಮೆರುಗಿನ ಕೆಲಸದಲ್ಲಿ ಎಲ್ಲರೂ ಮರೆಯುವುದು ಕಣ್ಣಿಗೆ ಕಾಣದ ಭಾಗವನ್ನು. ಮೇಲ್ಮೈಗೆ ಮೂರು ಲೇಪ ಕೊಟ್ಟು ಅಡಿಯನ್ನು ಹಾಗೆಯೇ ಬಿಟ್ಟರೆ, ಅಡಿಯ ಬದಿ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಬದಿ ಹಿಗ್ಗುವುದಿಲ್ಲ, ಹಲಗೆ ಡೊಂಕಾಗುತ್ತದೆ. ಮರವನ್ನು ಅಡ್ಡಕೊಯ್ದ ತುದಿಗಳು ಇನ್ನೂ ಹೆಚ್ಚು ಬಾಯಾರಿದವು. ಅವು ಹುಲ್ಲಿನ ಕಂತೆಯನ್ನು ಅಡ್ಡ ಕತ್ತರಿಸಿದಾಗ ಕಾಣುವ ಕೊಳವೆಗಳಂತೆ. ನೀರು ಅಲ್ಲಿಂದಲೇ ಬೇಗ ಒಳಗೇರುತ್ತದೆ. ಆದುದರಿಂದ ಕಾಲುಗಳ ತಳಕ್ಕೆ ಮೇಲ್ಮೈಗಿಂತ ಹೆಚ್ಚಿನ ಲೇಪ ಬೇಕು. ಯಾರೂ ಬಗ್ಗಿ ನೋಡದ ಆ ನಾಲ್ಕು ತಳಗಳೇ ಮೇಜಿನ ಆಯುಸ್ಸನ್ನು ನಿರ್ಣಯಿಸುವುವು.

ಕೆಲಸ ಮುಗಿದ ಮೇಲೆ ಲೆಕ್ಕ ನೋಡಿದರೆ, ಹಣ ಕೊಟ್ಟು ತಂದುದು ನಾಲ್ಕೇ ಸಾಮಾನು: ಅಂಟು, ತಿರುಪುಮೊಳೆ, ಮರಳುಕಾಗದ, ವಾರ್ನಿಷು. ಮರ ಮನೆಯದು, ಉಪಕರಣಗಳು ಆಚಾರಿಯಿಂದ ಎರವು, ದುಡಿಮೆ ತಂದೆ ಮಗಳದು. ಆದರೆ ಆ ನಾಲ್ಕು ಸಾಮಾನುಗಳಲ್ಲಿ ಮಾತ್ರ ಒಳ್ಳೆಯದನ್ನೇ ಆರಿಸಬೇಕು. ಕೂಡನ್ನು ಹಿಡಿಯುವುದೂ ನೀರನ್ನು ತಡೆಯುವುದೂ ಅವೇ. ಮರದಲ್ಲಿ ಉಳಿಸಿದುದನ್ನು ಕೂಡಿನಲ್ಲಿಯೂ ಮೆರುಗಿನಲ್ಲಿಯೂ ಉಳಿಸಹೊರಟರೆ ಮಿತವ್ಯಯ ಹೋಗಿ ಅಗ್ಗತನ ಉಳಿಯುತ್ತದೆ.

ಇಂತಹ ಮೇಜಿಗೆ ಅಂಗಡಿಯ ಮೇಜಿನ ನಾಜೂಕು ಇಲ್ಲದಿರಬಹುದು. ಹಳೆಯ ಅಗುಳಿ ಇದ್ದ ಕಡೆಯ ಗುರುತು ಹಲಗೆಯ ಒಂದು ಬದಿಯಲ್ಲಿ ಕಾಣುತ್ತಿರಬಹುದು. ಆದರೆ ಅದು ಅಲುಗಿದರೆ ಯಾವ ಕೂಡು ಸಡಿಲವಾಗಿದೆಯೆಂದು ಮಾಡಿದವರಿಗೆ ಗೊತ್ತು. ಕೆಟ್ಟರೆ ಸರಿಪಡಿಸುವ ಬಗೆಯೂ ಗೊತ್ತು. ಕೊಂಡ ವಸ್ತುವಿಗೆ ಮನುಷ್ಯ ಒಡೆಯ ಮಾತ್ರ. ಮಾಡಿದ ವಸ್ತುವಿಗೆ ಅವನು ಒಡೆಯನೂ ಹೌದು, ವೈದ್ಯನೂ ಹೌದು. ಬಳ್ಳಿಗಾವಿಯ ಶಿಲ್ಪಿಗಳಂತೆ ಹೆಸರು ಕೆತ್ತುವಂತಹ ಕಲೆ ಅದರಲ್ಲಿ ಇಲ್ಲವಾದರೂ, ಹೆಸರು ಬರೆಯಲು ನಾಚಬೇಕಾದ ಕೆಲಸವೂ ಅದಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಬಾಗದೆ, ಬಿರಿಯದೆ, ಹುಡುಗಿಯ ಪುಸ್ತಕಗಳನ್ನೂ ಯಂತ್ರವನ್ನೂ ಹೊತ್ತು ನಿಂತಿರುವ ಮೇಜಿಗೆ ಬೇರೆ ಪ್ರಮಾಣಪತ್ರದ ಅಗತ್ಯವಿಲ್ಲ.